ನಾಯಿಯ ಜೊತೆ ಹುಲ್ಲುಗಾವಲಿಗೆ

ಬೆಂಗಳೂರಿನಲ್ಲಿ ನಾಯಿ ಸಾಕಿದವರ ಪಾಡು ಸಾಕಿದವರಿಗೇ ಗೊತ್ತು. ಬೀದಿಯಲ್ಲಿ ಬೈಕುಗಳ ಕಾಟ, ಎಷ್ಟೋ ಪಾರ್ಕುಗಳಲ್ಲಿ ಗೇಟಿನ ಹತ್ತಿರವೇ ತಡೆ. ಹೀಗಿರುವಾಗ ಹೆಸರಘಟ್ಟದ ಹುಲ್ಲುಗಾವಲು ಕಂಡರೆ ಹಗ್ಗ ಬಿಚ್ಚಿ ಓಡಲು ಬಿಡೋಣ ಅನ್ನಿಸುವುದು ಸಹಜ. ಅದರಲ್ಲೂ ನಮ್ಮದು ಮುಧೋಳ. ಮೂಗಿಗಿಂತ ಕಣ್ಣನ್ನೇ ನಂಬಿ ಬೇಟೆಯಾಡುವ ತಳಿ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಅಂಚೆಚೀಟಿ ತಂದಾಗ ನಮ್ಮ ಕಡೆಯವರಿಗೆಲ್ಲ ಹೆಮ್ಮೆಯೋ ಹೆಮ್ಮೆ. ದೂರದಲ್ಲಿ ಮೊಲವೊಂದು ಅಲುಗಾಡಿದರೂ ಸಾಕು, ಒಂದು ಮುಂಗಾಲು ಮೇಲಕ್ಕೆತ್ತಿ, ಕಿವಿ ಹಿಂದಕ್ಕೆ ಒತ್ತಿ, ಮೈಯೆಲ್ಲ ಬಿಲ್ಲಿನ ಹೆದೆಯಂತೆ ಬಿಗಿದು ನಿಂತುಬಿಡುತ್ತದೆ.

ಆದರೂ ನಾನು ಹಗ್ಗ ಬಿಚ್ಚುವುದಿಲ್ಲ.

ಕಾರಣ ಟಿಟ್ಟಿಭ. ಸಮುದ್ರವೇ ಮೊಟ್ಟೆ ಕದ್ದರೂ ಹಟ ಬಿಡದ ಪಂಚತಂತ್ರದ ಅದೇ ಹಕ್ಕಿ. ಇದಕ್ಕೆ ಗೂಡು ಕಟ್ಟುವ ಗೋಜಿಲ್ಲ. ಬಯಲಲ್ಲಿ ಸಣ್ಣದೊಂದು ತಗ್ಗು, ಸುತ್ತ ಒಂದಿಷ್ಟು ಕಲ್ಲುಚೂರು, ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆ. ಕಾಲಡಿಗೆ ಬರುವವರೆಗೂ ಕಲ್ಲೆಂದೇ ತಿಳಿಯಬೇಕು. ಬೇಸಿಗೆಯ ಬಿಸಿಲಿಗೆ ಮೊಟ್ಟೆ ಬೇಯದಿರಲೆಂದು ತಾಯಿತಂದೆ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಕೂರುತ್ತವೆ. ನಾಯಿ ಹತ್ತಿರ ಸುಳಿದರೆ ಕಿರುಚಿ ಮೇಲೆರಗುತ್ತವೆ. ಆ ಗಲಾಟೆಯಲ್ಲಿ ಮೊಟ್ಟೆ ಸುಡುಬಿಸಿಲಿಗೆ ಬಿದ್ದಿರುತ್ತದೆ. ನಾಯಿ ಯಾವುದನ್ನೂ ಕಚ್ಚಬೇಕೆಂದಿಲ್ಲ, ಅಲ್ಲಿ ಸುತ್ತಾಡಿದರೇ ಸಾಕು.

ಚಳಿಗಾಲದ ಕಥೆಯೇ ಬೇರೆ. ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವಗಳು ಹದ್ದಿನ ಬಳಗದವಾದರೂ ರಾತ್ರಿ ಮಲಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಅದಕ್ಕೇ ಹೊತ್ತು ಮುಳುಗುವ ಮೊದಲೇ ನಾನು ನಾಯಿಯನ್ನು ಕರೆದುಕೊಂಡು ಹೊರಟುಬಿಡುತ್ತೇನೆ.

ಕೆರೆಯಂಚಿನ ಜೌಗು ನಾಯಿಗೆ ಅಚ್ಚುಮೆಚ್ಚು. ಊರಿಗೆ ಕುಡಿಯುವ ನೀರು ಕೊಡಲೆಂದು ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಇದು. ಜೊಂಡಿನೊಳಗೆ ಜಂಬುಕೋಳಿ ಮರಿ ಮಾಡಿರುತ್ತದೆ, ಅಲ್ಲಿಗೂ ಬಿಡುವಂತಿಲ್ಲ. ಮನೆಗೆ ಬಂದ ಮೇಲೆ ಬೆರಳ ಸಂದಿಯಲ್ಲಿ ಉಣುಗು ಹುಡುಕಬೇಕು, ಬಾಲಕ್ಕೆ ಅಂಟಿದ ಉತ್ತರಾಣಿ ಕೀಳಬೇಕು.

ಮರವಿಲ್ಲದ ನೆಲವೆಂದರೆ ಪಾಳು ಎಂಬ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಪುಣ್ಯದ ಕೆಲಸವೆಂದು ಇಂಥಲ್ಲಿ ಸಸಿ ನೆಟ್ಟರೆ ಹುಲ್ಲಿಗೆ ನೆರಳು, ಹುಲ್ಲುಹಕ್ಕಿಗೆ ವನವಾಸ. ಇದನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತ್ತು, 2024ರಲ್ಲಿ ಒಪ್ಪಿತು. ಎಷ್ಟೋ ಜನರ ಪಟ್ಟು ಅದರ ಹಿಂದಿದೆ.

ಇನ್ನೊಂದು ಮಾತು ಲಸಿಕೆಯದು. ನಾಯಿಗಳಿಗೆ ಬರುವ ಡಿಸ್ಟೆಂಪರ್ 1994ರಲ್ಲಿ ಆಫ್ರಿಕದ ಸೆರೆಂಗೆಟಿಯ ಸುಮಾರು ಮೂರನೇ ಒಂದು ಪಾಲು ಸಿಂಹಗಳನ್ನು ಕೊಂದಿತು. ನಮ್ಮ ಬಯಲಿನ ನರಿಗೂ ಆ ರೋಗ ತಗಲಬಲ್ಲದು.

ಆದ್ದರಿಂದ ನಾಯಿ ಸಾಕಿದ ಗೆಳೆಯರೇ, ಬನ್ನಿ, ಖಂಡಿತ ಬನ್ನಿ. ಬರುವ ಮೊದಲು ಲಸಿಕೆ ಹಾಕಿಸಿ, ಹಗ್ಗ ಕೈಯಲ್ಲೇ ಇರಲಿ. ಮಾರ್ಚಿಯಿಂದ ಮಳೆಗಾಲದವರೆಗೆ ಮಾತ್ರ ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ.