ಅಬ್ಬಾರ ಎರಡನೆಯ ಪುಸ್ತಕ

ಭದ್ರಾವತಿಯಲ್ಲಿ ನಮ್ಮ ಅಬ್ಬಾರದ್ದೊಂದು ಸಣ್ಣ ಕಿರಾಣಿ ಅಂಗಡಿಯಿತ್ತು. ಗಿರಾಕಿಗಳಲ್ಲಿ ಹೆಚ್ಚಿನವರು ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಕೆಲಸಗಾರರು. ತಿಂಗಳಿಡೀ ಉದ್ರಿ ಒಯ್ದು ಸಂಬಳದ ದಿನ ತೀರಿಸುವುದು ವಾಡಿಕೆ. ರಾತ್ರಿ ಬಾಗಿಲು ಹಾಕುವ ಮುನ್ನ ಅಬ್ಬಾ ಆ ದಿನದ ಉದ್ರಿಯನ್ನೆಲ್ಲ ಕಿರ್ದಿಯಿಂದ ಇನ್ನೊಂದು ಸಣ್ಣ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತಿದ್ದರು. ಕಿರ್ದಿ ಅಂಗಡಿಯಲ್ಲೇ ಉಳಿಯುತ್ತಿತ್ತು. ಸಣ್ಣ ಪುಸ್ತಕ ಅಂಗಿಯ ಜೇಬಿನಲ್ಲಿ ಮನೆಗೆ ಬರುತ್ತಿತ್ತು. ಒಂದೇ ಲೆಕ್ಕವನ್ನು ಎರಡು ಸಲ ಯಾಕೆ ಬರೆಯುತ್ತೀರಿ ಎಂದು ನಾವು ಕೇಳಿದರೆ ಅವರು ನಗುತ್ತಿದ್ದರು. "ಸಾಲ ಒಯ್ದವನಿಗೆ ದೇವರ ಭಯ ಇದೆ. ಸೋರುವ ಹೆಂಚಿಗೆ ಇಲ್ಲವಲ್ಲ!"

ಅಬ್ಬಾ ತೀರಿಕೊಂಡ ಮೇಲೆ ಅಂಗಡಿಯ ಕಟ್ಟಡವನ್ನು ಬಾಡಿಗೆಗೆ ಕೊಟ್ಟೆವು. ಅಣ್ಣತಮ್ಮಂದಿರಾದ ನಾವಿಬ್ಬರು ಭದ್ರಾವತಿಯಲ್ಲೇ ಇದ್ದೇವೆ, ಆಪಾ ಮದುವೆಯಾಗಿ ಶಿವಮೊಗ್ಗದಲ್ಲಿದ್ದಾರೆ. ಬಾಡಿಗೆಯಲ್ಲಿ ಅಮ್ಮಿಯ ಔಷಧಿಯ ಖರ್ಚು ಕಳೆದು ಉಳಿದುದನ್ನು ಪಾಲಿನ ಪ್ರಕಾರ ಹಂಚಬೇಕು. ಕಟ್ಟಡದ ದುರಸ್ತಿ, ಕಂದಾಯ, ಒಬ್ಬರಿಂದೊಬ್ಬರು ಪಡೆದ ಕೈಸಾಲ ಎಲ್ಲವೂ ಆ ಲೆಕ್ಕಕ್ಕೆ ಸೇರಿದವು. 2012ರಲ್ಲಿ ನಾವು ಅದನ್ನೆಲ್ಲ ಮನೆಯ ಕಂಪ್ಯೂಟರಿಗೆ ಏರಿಸಿದೆವು. ಆರಿಸಿಕೊಂಡದ್ದು ಗ್ನುಕ್ಯಾಶ್ ಎಂಬ ಉಚಿತ ತಂತ್ರಾಂಶ. ಹಣ ಎಲ್ಲಿಂದ ಹೊರಟಿತು, ಎಲ್ಲಿಗೆ ತಲುಪಿತು ಎಂದು ಪ್ರತಿ ವ್ಯವಹಾರವನ್ನೂ ಎರಡು ಕಡೆ ದಾಖಲಿಸುವ ಜಮಾ-ಖರ್ಚಿನ ಪದ್ಧತಿ ಅದರದ್ದು. ಅಬ್ಬಾರ ಕಿರ್ದಿ ನೋಡಿ ಬೆಳೆದ ನಮಗೆ ಅದು ಬೇಗನೆ ಒಗ್ಗಿತು.

ಈ ತಂತ್ರಾಂಶಕ್ಕೆ ಒಂದು ಒಳ್ಳೆಯ ಅಭ್ಯಾಸವಿದೆ. ನಾವು ಸೇವ್ ಮಾಡಿದಾಗಲೆಲ್ಲ ಹಳೆಯ ಕಡತವನ್ನು ಅಳಿಸದೆ, ದಿನಾಂಕ ಮತ್ತು ಗಂಟೆ-ನಿಮಿಷದ ಅಂಕಿಗಳನ್ನು ಹೆಸರಿಗೆ ಸೇರಿಸಿ ಪಕ್ಕದಲ್ಲೇ ಇಡುತ್ತದೆ. ಕೂತು ಮಾಡಿದ ಬದಲಾವಣೆಗಳನ್ನು ಲಾಗ್ ಎಂಬ ಬೇರೊಂದು ಕಡತದಲ್ಲೂ ಬರೆದುಕೊಳ್ಳುತ್ತದೆ. ಕರೆಂಟು ಹೋಗಿ ಸೇವ್ ಆಗದೆ ಉಳಿದ ನಮೂದುಗಳನ್ನು ಅದರಿಂದ ಮರಳಿ ಪಡೆಯಬಹುದು. ನಾವು ಬದಲಿಸದಿದ್ದರೆ ಮೂವತ್ತು ದಿನಕ್ಕಿಂತ ಹಳೆಯ ಇಂಥ ನಕಲುಗಳನ್ನು ಅದೇ ತೆಗೆದುಹಾಕುತ್ತದೆ. ಫೋಲ್ಡರ್ ತೆರೆದಾಗ ಹತ್ತಾರು ನಕಲುಗಳು ಸಾಲಾಗಿ ಕಾಣುತ್ತಿದ್ದವು. ಇಷ್ಟೊಂದು ನಕಲು ಇರುವಾಗ ನಮಗೇನು ಚಿಂತೆ ಎಂದುಕೊಂಡೆವು. ಅವೆಲ್ಲವೂ ಒಂದೇ ಡಿಸ್ಕಿನಲ್ಲಿ ಇವೆ ಎಂಬ ಸರಳ ಸಂಗತಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಬ್ಬಾರ ಎರಡೂ ಪುಸ್ತಕಗಳನ್ನು ನಾವು ಸೋರುವ ಹೆಂಚಿನ ಕೆಳಗೇ ಇಟ್ಟಿದ್ದೆವು.

2019ರ ಜುಲೈಯಲ್ಲಿ ಒಂದು ಬೆಳಿಗ್ಗೆ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿ ನಿಂತಿತು. ರಿಪೇರಿಯವರು ಕೈಚೆಲ್ಲಿದರು. ಪೆಟ್ಟಿಗೆ ಹುಡುಕಿದಾಗ ಒಂದು ಪೆನ್ ಡ್ರೈವ್ ಸಿಕ್ಕಿತು. ಅದರಲ್ಲಿದ್ದದ್ದು 2018ರ ಆಗಸ್ಟಿನ ನಕಲು. ಹನ್ನೊಂದು ತಿಂಗಳ ಲೆಕ್ಕ ಇಲ್ಲವಾಗಿತ್ತು.

ಮತ್ತೆ ಬರೆಯಲು ಕುಳಿತೆವು. ಬ್ಯಾಂಕಿನ ಮೂಲಕ ಹೋದದ್ದು ಪಾಸ್‌ಬುಕ್ಕಿನಲ್ಲಿ ಸಿಕ್ಕಿತು. ಕೆಲವು ಮೊಬೈಲಿನ ಸಂದೇಶಗಳಲ್ಲಿ, ಇನ್ನು ಕೆಲವು ರಸೀದಿಗಳಲ್ಲಿ ಸಿಕ್ಕವು. ಕೈಯಿಂದ ಕೈಗೆ ಹೋದ ನಗದಿಗೆ ಮಾತ್ರ ಯಾವ ಸಾಕ್ಷಿಯೂ ಇರಲಿಲ್ಲ. ಅದರಲ್ಲಿ ದೊಡ್ಡದು ಆಪಾರ ಹಣ. ಆ ಚಳಿಗಾಲದಲ್ಲಿ ಅಮ್ಮಿಯ ಮಂಡಿಯ ಶಸ್ತ್ರಚಿಕಿತ್ಸೆಯಾದಾಗ ಅವರು ನಮಗೆ ಕೈಸಾಲ ಕೊಟ್ಟಿದ್ದರು. ಎಷ್ಟೆಂದು ನಮಗೆ ಖಚಿತವಿರಲಿಲ್ಲ. ಕೇಳಲು ನಾಚಿಕೆಯಾದರೂ ಕೇಳಿದೆವು.

"ನಲವತ್ತು ಸಾವಿರ ಇರಬೇಕು. ಇರಲಿ ಬಿಡಿ, ಅಮ್ಮಿಗೆ ಕೊಟ್ಟದ್ದಕ್ಕೆ ಲೆಕ್ಕ ಯಾಕೆ?" ಎಂದರು ಆಪಾ.

ನಲವತ್ತೆಂದೇ ಬರೆದುಕೊಂಡು ಸೆಪ್ಟೆಂಬರಿನಲ್ಲಿ ತೀರಿಸಿದೆವು. ಮನಸ್ಸು ಹಗುರವಾಯಿತು.

ನವೆಂಬರಿನಲ್ಲಿ ಬೇರೇನನ್ನೋ ಹುಡುಕುತ್ತ ಹಳೆಯ ಇ-ಮೇಲ್‌ಗಳನ್ನು ನೋಡುತ್ತಿದ್ದೆವು. ಫೆಬ್ರವರಿಯಲ್ಲಿ ವರದಿಯೊಂದು ಸರಿಯಾಗಿ ಬರುತ್ತಿಲ್ಲವೆಂದು ಆಪಾರ ಮಗನಿಗೆ ಇಡೀ ಲೆಕ್ಕದ ಕಡತವನ್ನೇ ಕಳುಹಿಸಿದ್ದೆವು. ಕಳುಹಿಸಿದ ಪತ್ರಗಳ ನಡುವೆ ಅದು ಹಾಗೇ ಇತ್ತು. ತೆರೆದು ನೋಡಿದರೆ ಆಪಾರ ಖಾತೆಯಲ್ಲಿ ಎರಡು ನಮೂದುಗಳು. ಡಿಸೆಂಬರಿನಲ್ಲಿ 40,000, ಜನವರಿಯಲ್ಲಿ 25,000. ಆಗ ನೆನಪಾಯಿತು. ಅಮ್ಮಿ ಆಸ್ಪತ್ರೆಯಿಂದ ಮನೆಗೆ ಬರುವ ಹಿಂದಿನ ರಾತ್ರಿ ಆಪಾ ಮಗನ ಕೈಯಲ್ಲಿ ಒಂದು ಲಕೋಟೆ ಕಳುಹಿಸಿದ್ದರು. ಅವರೂ ಮರೆತಿದ್ದರು, ನಾವೂ ಮರೆತಿದ್ದೆವು.

ಆ ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ. ಇಪ್ಪತ್ತೈದು ಸಾವಿರ ಕೊಡಬೇಕಾಯಿತಲ್ಲ ಎಂಬ ಚಿಂತೆಯಲ್ಲ ಅದು. ತಪ್ಪು ನಮ್ಮ ಲಾಭದ ಕಡೆಗೇ ವಾಲಿತ್ತಲ್ಲ ಎಂಬುದು ಕೊರೆಯುತ್ತಿತ್ತು. ಲೇಖನಿ ಇದ್ದದ್ದು ನಮ್ಮ ಕೈಯಲ್ಲಿ. ಆಪಾ ನೂರು ಎಂದಿದ್ದರೆ ನಾವು ಖಂಡಿತ ಯೋಚಿಸುತ್ತಿದ್ದೆವು, ಅವರಿವರನ್ನು ವಿಚಾರಿಸುತ್ತಿದ್ದೆವು. ನಲವತ್ತು ಎಂದಾಗ ಮರುಮಾತಿಲ್ಲದೆ ಒಪ್ಪಿಕೊಂಡೆವು. ಲೆಕ್ಕ ಕಳೆದುಹೋದಾಗ ನಷ್ಟ ಯಾರಿಗೆ? ಬರೆದಿಟ್ಟವನಿಗಿಂತ ಹೆಚ್ಚಾಗಿ, ಅವನನ್ನು ನಂಬಿ ಬರೆದಿಡದವರಿಗೆ. ಸಾಲವನ್ನು ಬರೆದಿಡಬೇಕೆಂದು ನಾವು ಮದ್ರಸದಲ್ಲೇ ಕಲಿತವರು. ಬರೆದದ್ದನ್ನು ಉಳಿಸಿಕೊಳ್ಳುವುದೂ ಅದೇ ಹೊಣೆಯ ಭಾಗವೆಂದು ತಿಳಿಯಲು ಒಂದು ಡಿಸ್ಕ್ ಸಾಯಬೇಕಾಯಿತು. ಇನ್ನೊಬ್ಬರ ಲೆಕ್ಕವೂ ಒಂದು ಅಮಾನತ್ತೇ.

ಮರುದಿನವೇ ಶಿವಮೊಗ್ಗಕ್ಕೆ ಹೋಗಿ ಹಣ ಕೊಟ್ಟು ಕ್ಷಮೆ ಕೇಳಿದೆವು. ಆಮೇಲೆ ಮನೆಯಲ್ಲೊಂದು ಕ್ರಮ ಮಾಡಿಕೊಂಡೆವು. ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇವೆ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಅವರ ಹೆಸರಿನೊಂದಿಗೆ ಒಂದು ಸೂತ್ರ ಪ್ರಸಿದ್ಧವಾಗಿದೆ. ಅದನ್ನು 3-2-1 ಎನ್ನುತ್ತಾರೆ. ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಮನೆಯಿಂದ ಹೊರಗಿರಬೇಕು. ನಮ್ಮ ಮೊದಲ ಪ್ರತಿ ಕಂಪ್ಯೂಟರಿನಲ್ಲಿದೆ. ಎರಡನೆಯದನ್ನು ಪ್ರತಿ ಶುಕ್ರವಾರ ಜುಮಾದಿಂದ ಬಂದು ಊಟ ಮುಗಿಸಿದ ಮೇಲೆ ಪೆನ್ ಡ್ರೈವಿಗೆ ಹಾಕುತ್ತೇವೆ. ಸಮಯ ಸಿಕ್ಕಾಗ ಮಾಡೋಣವೆಂದರೆ ಅದು ಎಂದೂ ಆಗುವುದಿಲ್ಲ. ವಾರದ ಒಂದು ಘಳಿಗೆಗೆ ಗಂಟು ಹಾಕಿದರೆ ತಪ್ಪುವುದಿಲ್ಲ. ಪ್ರತಿ ವಾರವೂ ದಿನಾಂಕ ಸೇರಿಸಿ ಹೊಸ ಹೆಸರು ಕೊಡುತ್ತೇವೆ. ಹಳೆಯದರ ಮೇಲೆಯೇ ಬರೆದರೆ ಇಂದಿನ ತಪ್ಪು ನಿನ್ನೆಯ ಸರಿಯನ್ನು ನುಂಗಿಬಿಡುತ್ತದೆ. ಇಂಟರ್‌ನೆಟ್ಟಿನೊಂದಿಗೆ ತಾನಾಗಿಯೇ ಹೊಂದಿಕೊಳ್ಳುವ ಫೋಲ್ಡರನ್ನು ಮಾತ್ರ ನಂಬಿದರೆ ಇದೇ ಅಪಾಯ. ಇಲ್ಲಿ ಕೆಡಿಸಿದ್ದು ಅಲ್ಲಿಯೂ ಕೆಡುತ್ತದೆ.

ನಕಲಾದ ಕೂಡಲೇ ಪೆನ್ ಡ್ರೈವನ್ನು ಕಿತ್ತು ಕಪಾಟಿನಲ್ಲಿಡುತ್ತೇವೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತ್ತು. ಅಂಥ ವೈರಸ್ ಕಂಪ್ಯೂಟರಿಗೆ ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ಹೊರಗೆ ಹೋಗುವ ಪ್ರತಿಗೆ ಸೆವೆನ್-ಜಿಪ್ ತಂತ್ರಾಂಶದಿಂದ ಪಾಸ್‌ವರ್ಡ್ ಹಾಕುತ್ತೇವೆ. ಆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಅಮ್ಮಿಯ ಅಲ್ಮಾರಿಯಲ್ಲಿ ಜಮೀನಿನ ಕಾಗದಗಳೊಂದಿಗೆ ಇಟ್ಟಿದ್ದೇವೆ. ನಾಳೆ ನಾವಿಲ್ಲದಿದ್ದರೂ ಮಕ್ಕಳಿಗೆ ಬೀಗ ತೆರೆಯಲು ಬರಬೇಕಲ್ಲ. ಗ್ನುಕ್ಯಾಶ್‌ನಲ್ಲಿ ನಾವೇ ಹೊಂದಿಸಿಟ್ಟ ವರದಿಗಳು ಲೆಕ್ಕದ ಕಡತದೊಳಗೆ ಇರುವುದಿಲ್ಲ, ಬೇರೆ ಫೋಲ್ಡರಿನಲ್ಲಿರುತ್ತವೆ ಎಂಬುದೂ ಆಮೇಲೆ ತಿಳಿಯಿತು. ಈಗ ಅದನ್ನೂ ನಕಲು ಮಾಡುತ್ತೇವೆ.

ಮೂರು ತಿಂಗಳಿಗೊಮ್ಮೆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಬಾಕಿಯನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುತ್ತೇವೆ. ತೆರೆದು ನೋಡದ ನಕಲು ಇದ್ದರೂ ಇಲ್ಲದಂತೆ. ಮಾರ್ಚ್ ಕೊನೆಗೆ ಇಡೀ ವರ್ಷದ ಲೆಕ್ಕವನ್ನು ಕಾಗದದ ಮೇಲೆ ಮುದ್ರಿಸುತ್ತೇವೆ. ಮೈಕ್ರೋಸಾಫ್ಟ್‌ನಂಥ ದೊಡ್ಡ ಕಂಪನಿಯೇ ತನ್ನ ಮನಿ ಎಂಬ ಲೆಕ್ಕದ ತಂತ್ರಾಂಶದ ಮಾರಾಟವನ್ನು 2009ರಲ್ಲಿ ನಿಲ್ಲಿಸಿತು. ತಂತ್ರಾಂಶಗಳು ಬರುತ್ತವೆ, ಹೋಗುತ್ತವೆ. ಕಾಗದವನ್ನು ಓದಲು ಕಣ್ಣೊಂದಿದ್ದರೆ ಸಾಕು.

ಮೂರನೆಯ ಪ್ರತಿ ಇರುವುದು ಆಪಾರ ಮನೆಯಲ್ಲಿ. ತಿಂಗಳಿಗೊಮ್ಮೆ ಹೋದಾಗ ಹಳೆಯ ಪೆನ್ ಡ್ರೈವ್ ತೆಗೆದುಕೊಂಡು ಹೊಸದನ್ನು ಕೊಡುತ್ತೇವೆ. ಜೊತೆಗೆ ಅವರ ಖಾತೆಯ ಒಂದು ಪುಟದ ಮುದ್ರಿತ ಪ್ರತಿಯನ್ನೂ ಕೊಡುತ್ತೇವೆ. ಮೊದಲ ಸಲ ಅವರು ಬೇಸರಿಸಿಕೊಂಡಿದ್ದರು. "ನನಗೆ ನಿಮ್ಮ ಮೇಲೆ ನಂಬಿಕೆ ಇಲ್ಲವೆಂದು ನಾನು ಯಾವತ್ತಾದರೂ ಹೇಳಿದೆನಾ?"

"ನಿಮಗಲ್ಲ ಆಪಾ, ನಮಗೇ ನಮ್ಮ ನೆನಪಿನ ಮೇಲೆ ನಂಬಿಕೆ ಇಲ್ಲ" ಎಂದೆವು.

ಅವರು ಪೆನ್ ಡ್ರೈವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಒಳಗೆ ಹೋಗಿ ಅಬ್ಬಾರ ಕೊನೆಯ ಸಣ್ಣ ಪುಸ್ತಕವಿರುವ ಡಬ್ಬಿಯನ್ನು ತಂದರು. ಆ ಪುಸ್ತಕ ಅವರ ಬಳಿ ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಪೆನ್ ಡ್ರೈವನ್ನು ಅದರ ಮೇಲಿಟ್ಟು ಡಬ್ಬಿ ಮುಚ್ಚಿದರು.