ಅಕ್ಷರಮಾಲೆಯ ಕೊನೆಯೂರು

ಕೆನಡಾ ದೇಶದ ಸಾಸ್ಕಾಚೆವಾನ್ ಪ್ರಾಂತದಲ್ಲಿ ಝೆಲ್ಮಾ ಎಂಬ ಪುಟ್ಟ ಗ್ರಾಮವೊಂದುಂಟು. ಸಾಸ್ಕಟೂನ್ ನಗರದ ಆಗ್ನೇಯಕ್ಕೆ ರೈಲು ಹಳಿಗೆ ಅಂಟಿಕೊಂಡಿರುವ ಆ ಊರಿನ ಜನರೆಲ್ಲ ಸೇರಿದರೂ ನಮ್ಮ ಕಡೆಯ ಒಂದು ಓಣಿ ತುಂಬಲಾರದು. ಆದರೆ ಅದರ ಹೆಸರಿನಲ್ಲಿ ಒಂದು ಸೋಜಿಗವಿದೆ. ಪೂರ್ವದಿಂದ ಪಶ್ಚಿಮಕ್ಕೆ ಹೊರಟವರಿಗೆ ವೆನ್, ವಾಟ್ರಸ್, ಕ್ಸೀನಾ, ಯಂಗ್, ಝೆಲ್ಮಾ ಎಂದು ಊರುಗಳು ಇಂಗ್ಲಿಷ್ ಅಕ್ಷರಕ್ರಮದಲ್ಲಿಯೇ ಎದುರಾಗುತ್ತವೆ. ಮಾಲೆ ಮುಗಿಯಿತೆನ್ನುವಷ್ಟರಲ್ಲಿ ಅಲನ್, ಬ್ರಾಡ್‌ವೆಲ್, ಕ್ಲಾವೆಟ್ ಎಂದು ಮತ್ತೆ ಮೊದಲಿನಿಂದ ಆರಂಭ!

ನಮ್ಮಲ್ಲಿ ಊರು ಮೊದಲು, ಹೆಸರು ಆಮೇಲೆ. ಅಲ್ಲಿ ಹೆಸರೇ ಮೊದಲು ಹುಟ್ಟಿತು. 1903ರಲ್ಲಿ ಸ್ಥಾಪಿತವಾದ ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ರೈಲ್ವೆ ಕಂಪನಿಯು ಬರಿಯ ಹುಲ್ಲುಬಯಲಿನಲ್ಲಿ ಹಳಿ ಹಾಸುತ್ತ, ಏಳರಿಂದ ಹತ್ತು ಮೈಲಿಗೊಂದು ನಿಲ್ದಾಣ ಗುರುತಿಸಿ, ಹೆಸರಿಟ್ಟು ಮುಂದೆ ಸಾಗಿತು. ರೈತನು ಬಂಡಿಯಲ್ಲಿ ಗೋದಿ ತಂದು ಹಾಕಿ, ಅದೇ ದಿನ ಮನೆ ಸೇರಬೇಕೆಂಬುದು ಆ ಅಂತರದ ಲೆಕ್ಕ. ವಾಟ್ರಸ್ ಎಂಬುದು ಕಂಪನಿಯ ಉಪಾಧ್ಯಕ್ಷ ಫ್ರಾಂಕ್ ವಾಟ್ರಸ್ ಮೋರ್ಸ್ ಅವರ ಹೆಸರಿನಿಂದ ಬಂದುದು. ಹತ್ತು ಡಾಲರ್ ಶುಲ್ಕಕ್ಕೆ 160 ಎಕರೆ ಭೂಮಿ ದೊರೆಯುತ್ತಿದ್ದ ಕಾಲವದು; ಯುರೋಪಿನ ನಾನಾ ನಾಡಿನ ಬಡವರು ಬಂದಿಳಿದರು.

ಆ ಬಯಲು ಯಾರದೂ ಆಗಿರಲಿಲ್ಲವೆಂದು ಓದುಗರು ಭಾವಿಸಬಾರದು. ಕ್ರೀ ಮೊದಲಾದ ಮೂಲನಿವಾಸಿಗಳು ಕಾಡೆಮ್ಮೆಯ ಹಿಂಡುಗಳನ್ನು ನಂಬಿ ಅಲ್ಲಿ ಬಾಳಿದ್ದರು. ಹಿಂಡುಗಳು ಅಳಿಯುತ್ತಿದ್ದ ಹೊತ್ತಿನಲ್ಲಿಯೇ 1874 ಮತ್ತು 1876ರ ಒಪ್ಪಂದಗಳಾದವು. ಹಸಿದವನೊಡನೆ ಮಾಡಿಕೊಂಡ ಕರಾರು ಎಷ್ಟು ನ್ಯಾಯವಾಗಿರಬಲ್ಲದು?

ಕಂಪನಿಗೂ ಭಾಗ್ಯ ಒಲಿಯಲಿಲ್ಲ. ಅದರ ಅಧ್ಯಕ್ಷ ಚಾರ್ಲ್ಸ್ ಹೇಸ್ 1912ರಲ್ಲಿ ಟೈಟಾನಿಕ್ ಹಡಗಿನೊಡನೆ ಮುಳುಗಿದರು. 1914ರಲ್ಲಿ ಹಾದಿ ಪೂರ್ಣಗೊಂಡರೂ ಸಾಲದ ಹೊರೆ ಇಳಿಯದೆ, ಕಡೆಗೆ ಎಲ್ಲವೂ ಸರ್ಕಾರದ ಕೆನೇಡಿಯನ್ ನ್ಯಾಷನಲ್ ರೈಲ್ವೆಯ ಪಾಲಾಯಿತು.

ಇಂತಹ ಊರುಗಳ ಜೀವವೆಲ್ಲ ಹಳಿಯ ಪಕ್ಕದ ಮರದ ಕಣಜದಲ್ಲಿತ್ತು. ನಮ್ಮ ಹಗೇವು ನೆಲದೊಳಗಿನದು. ಇದು ಮುಗಿಲಿಗೆ ಚಾಚಿದ್ದು. ಬಂಡಿಯನ್ನು ತೂಗಿ ಕಾಳನ್ನು ಗುಂಡಿಗೆ ಸುರಿದರೆ, ಪಟ್ಟಿಗೆ ಕಟ್ಟಿದ ಸಣ್ಣ ಬಕೆಟ್ಟುಗಳು ಅದನ್ನು ತುದಿಗೇರಿಸುವವು. ಅಲ್ಲಿಂದ ತರಗತಿಗೆ ತಕ್ಕ ಅರೆಗಳಿಗೆ, ಮುಂದೆ ಕೊಳವೆಯ ಮೂಲಕ ರೈಲಿನ ಡಬ್ಬಿಗೆ. 1930ರ ದಶಕದಲ್ಲಿ ಆ ಪ್ರಾಂತವೊಂದರಲ್ಲಿಯೇ ಮೂರು ಸಾವಿರಕ್ಕೂ ಹೆಚ್ಚು ಕಣಜಗಳಿದ್ದವು. ದರದ ಜಗಳ, ಮಳೆಯ ಮಾತು, ಮದುವೆಯ ಸುದ್ದಿ ಎಲ್ಲವೂ ಅದರ ನೆರಳಿನಲ್ಲಿಯೇ.

ಲಾರಿ ಬಂದ ಮೇಲೆ ಎಂಟು ಮೈಲಿಯ ಲೆಕ್ಕ ಕೆಟ್ಟಿತು. 1897ರಿಂದ ಒಂದಲ್ಲ ಒಂದು ರೂಪದಲ್ಲಿ ಉಳಿದುಬಂದ ಧಾನ್ಯಸಾಗಣೆಯ ರಿಯಾಯಿತಿ 1995ರಲ್ಲಿ ನಿಂತುಹೋಯಿತು. ದೂರದೂರಕ್ಕೊಂದು ಕಾಂಕ್ರೀಟಿನ ಭಾರಿ ಕಣಜ ಎದ್ದು, ಮರದವು ಒಂದೊಂದಾಗಿ ನೆಲಕ್ಕುರುಳಿದವು. ಎಷ್ಟೋ ಕವಲುಹಾದಿಗಳ ಹಳಿಯನ್ನೇ ಕಿತ್ತರು.

ಝೆಲ್ಮಾದ ಹಳಿ ಮುಖ್ಯಮಾರ್ಗದ್ದು, ಆದುದರಿಂದ ಉಳಿದಿದೆ. ನಾವು ಅಲ್ಲಿ ನಿಂತು ಕಂಡ ಗೂಡ್ಸ್ ರೈಲು, ಎಣಿಕೆ ತಪ್ಪುವಷ್ಟು ಡಬ್ಬಿಗಳನ್ನು ಎಳೆದುಕೊಂಡು, ವೇಗ ತಗ್ಗಿಸದೆ ಹಾದುಹೋಯಿತು. ಆ ಸೀಮೆಯ ಗಣಿಗಳ ಪೊಟ್ಯಾಶ್ ಗೊಬ್ಬರವೂ ಹೊಲಗಳ ಚನ್ನಂಗಿ ಬೇಳೆಯೂ ಇಂತಹ ಡಬ್ಬಿಗಳಲ್ಲಿಯೇ ಬಂದರು ಸೇರಿ, ಹಡಗೇರಿ ಭಾರತಕ್ಕೂ ಬರುತ್ತವೆ.