ಕೈಬಿಟ್ಟ ಚುಕ್ಕಾಣಿ

ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿ ಮಾಂಡೋವಿಯೆಂಬ ಹೆಸರಿನಿಂದ ಪಣಜಿಯ ಬಳಿ ಕಡಲನ್ನು ಸೇರುತ್ತದೆ. ಅಲ್ಲಿ ಒಂದು ದಿನ ಗೆಳೆಯರೊಬ್ಬರ 35 ಅಡಿ ಉದ್ದದ ಹಾಯಿದೋಣಿಯ ಚುಕ್ಕಾಣಿ ಹಿಡಿದಿದ್ದೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಸಾಗದು. ಸುಮಾರು 45 ಡಿಗ್ರಿ ಓರೆಯಾಗಿಯೇ ಮುಂದುವರಿಯಬೇಕು. ಈ ದೋಣಿಯಾದರೋ ಮತ್ತೆ ಮತ್ತೆ ಗಾಳಿಯತ್ತಲೇ ತಿರುಗಲು ಹವಣಿಸುತ್ತಿತ್ತು. ಅದನ್ನು ದೋಷವೆಂದೇ ಬಗೆದೆ.

ಒಮ್ಮೆಲೇ ಗಾಳಿ ರಭಸದಿಂದ ಎರಗಿ ದೋಣಿ ವಾಲಿತು. ಪಕ್ಕದಲ್ಲಿ ಮಗಳಿದ್ದಳು. ಅವಳನ್ನು ಹಿಡಿಯುವ ಆತುರದಲ್ಲಿ ಚುಕ್ಕಾಣಿಯನ್ನು ಕೈಬಿಟ್ಟೆ. ದೋಣಿ ತಾನಾಗಿಯೇ ಗಾಳಿಗೆ ಮುಖವೊಡ್ಡಿತು; ಹಾಯಿ ಪಟಪಟನೆ ಬಡಿದು ಬಲಗುಂದಿತು; ದೋಣಿ ನೆಟ್ಟಗಾಯಿತು.

“ಒಳ್ಳೆಯ ದೋಣಿಯ ಲಕ್ಷಣವೇ ಇದು. ಗಾಳಿಗೆ ಬೆನ್ನು ತಿರುಗಿಸುವ ದೋಣಿಯನ್ನು ನಂಬಬಾರದು” ಎಂದರು ಗೆಳೆಯರು.

ನಾನು ದೋಷವೆಂದು ಎಣಿಸಿದ್ದೇ ನಮ್ಮನ್ನು ಕಾಯ್ದಿತ್ತು.